ಗುಬ್ಬಚ್ಚಿ ಏಳರ ಬಲಗೈ

ಮೂವತ್ತೊಂದು ವರ್ಷ ನಮ್ಮ ಭಾವನಿಗೆ ಯಾರೂ ಎದುರು ಮಾತಾಡಿರಲಿಲ್ಲ. ಮೊದಲು ಎದುರು ಬಿದ್ದದ್ದು ಅವರ ಬಲಗೈ. ಅದೂ ಮಾತಾಡಲಿಲ್ಲ, ಸುಮ್ಮನೆ ಕೈ ಕೊಟ್ಟಿತು.

ಭಾವ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದಾಗ ರೇಜರ್ ಜಾರಿ ಬೇಸಿನ್ನಿಗೆ ಬಿತ್ತು. ಎತ್ತಿಕೊಳ್ಳೋಣವೆಂದರೆ ಕೈ ಬರಲಿಲ್ಲ. "ಏಳು" ಎಂದರು. ಏಳಲಿಲ್ಲ. "ಏಳೋ" ಎಂದು ಗದರಿದರು. ಬಚ್ಚಲಲ್ಲಿ ಯಾರಿಗೆ ಬೈಯುತ್ತಿದ್ದಾರೆ ಎಂದು ಅಕ್ಕ ಹೋಗಿ ನೋಡಿದರೆ, ಅರ್ಧ ಮುಖ ನೊರೆ, ಅರ್ಧ ಮುಖ ನುಣುಪು, ಗೋಡೆಗೆ ಒರಗಿಕೊಂಡು ತಮ್ಮದೇ ಕೈಯನ್ನು ಕ್ಲಾಸಿನಿಂದ ಹೊರಗೆ ಹಾಕುವ ಹಾಗೆ ದುರುಗುಟ್ಟಿಕೊಂಡು ನಿಂತಿದ್ದರು.

ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದರು. ಬೇಗ ಕರೆದುಕೊಂಡು ಹೋಗಿದ್ದರಿಂದ ಕಾಲು ಎರಡು ವಾರದಲ್ಲಿ ದಾರಿಗೆ ಬಂತು. ಬಾಯಿಗಂತೂ ಏನೂ ಆಗಿರಲಿಲ್ಲ. "ಮಾತು ಪೂರ್ತಿ ಉಳಿದಿದೆ, ನಿಮ್ಮ ಅದೃಷ್ಟ" ಎಂದು ದೊಡ್ಡ ಡಾಕ್ಟರು ಅಕ್ಕನಿಗೆ ಹೇಳಿದರು. ಅಕ್ಕ "ಹೂಂ" ಎಂದಳು. ಅದು ಯಾವ ಜಾತಿಯ ಹೂಂ ಎಂದು ಅಲ್ಲಿ ನನಗೊಬ್ಬನಿಗೇ ಗೊತ್ತಾಗಿದ್ದು.

ಕೈ ಮಾತ್ರ ಒದ್ದೆ ಟವೆಲಿನ ಹಾಗೆ ಭುಜದಿಂದ ನೇತಾಡುತ್ತಿತ್ತು. ದಿನವೂ ಕೈಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯಲ್ಲಿ ಜಾಗವೂ ಇಲ್ಲ, ಜನವೂ ಇಲ್ಲ. ಅದಕ್ಕಾಗಿ 'ಮನೆಯಲ್ಲೇ ಚೇತರಿಕೆ' ಎಂಬ ಯೋಜನೆ ಮಾಡಿದ್ದರು. ಒಂದು ಡಬ್ಬಿ ಮನೆಗೆ ಬಂತು. ಅದರೊಳಗೆ ಒಂದು ಟ್ಯಾಬ್ಲೆಟ್ಟು (ನುಂಗುವುದಲ್ಲ, ನೋಡುವುದು), ಒಂದು ಸ್ಪಂಜಿನ ಚೆಂಡು, ಒಂಬತ್ತು ಗೂಟಗಳನ್ನು ಚುಚ್ಚುವ ಮರದ ಹಲಗೆ, ಮತ್ತು ಕೈಗಡಿಯಾರದಂಥ ಒಂದು ಪಟ್ಟಿ. ಪಟ್ಟಿಯನ್ನು ಸೋತ ಕೈಗೆ ಕಟ್ಟಿಕೊಳ್ಳಬೇಕು. ಕೈ ದಿನಕ್ಕೆ ಎಷ್ಟು ಸಲ ಆಡಿತೆಂದು ಅದು ಎಣಿಸಿ ಆಸ್ಪತ್ರೆಗೆ ಚಾಡಿ ಹೇಳುತ್ತದೆ. ವಾರಕ್ಕೊಮ್ಮೆ ಥೆರಪಿಸ್ಟ್ ಪರದೆಯ ಮೇಲೆ ಬಂದು ನೋಡುತ್ತಾರೆ. ಹೀಗೆ ಹನ್ನೆರಡು ವಾರ.

ಅಕ್ಕನ ಮನೆ ಎದುರಿಗೇ ನನ್ನ ಮೊಬೈಲ್ ರಿಪೇರಿ ಅಂಗಡಿ. ನನ್ನ ಊಟವೂ ಅಕ್ಕನ ಮನೆಯಲ್ಲೇ. ಹಾಗಾಗಿ ಇದನ್ನೆಲ್ಲ ಜೋಡಿಸುವ ಕೆಲಸ ನನ್ನ ತಲೆಗೆ ಬಂತು.

ರೋಗಿಗಳ ಹೆಸರು ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದೆಂದು ಎಲ್ಲರಿಗೂ ಒಂದೊಂದು ಹಕ್ಕಿಯ ಹೆಸರು, ಒಂದೊಂದು ನಂಬರು ಕೊಟ್ಟಿದ್ದರು. ನಾನು ಗುಂಡಿ ಒತ್ತಿದೆ. ಟ್ಯಾಬ್ಲೆಟ್ಟಿನೊಳಗಿನ ಹೆಂಗಸು ಒಂದೊಂದೇ ಪದವನ್ನು ತೂಕಕ್ಕೆ ಹಾಕಿ ಇಳಿಸುವಂತೆ ಮಾತಾಡಿದಳು.

"ನಮಸ್ಕಾರ. ಗುಬ್ಬಚ್ಚಿ. ಏಳು."

"ಯಾರಿಗೆ ಏಳು ಅಂತಿದಾಳಯ್ಯ ಇವಳು?" ಎಂದರು ಭಾವ.

"ಅದು ನಿಮ್ಮ ನಂಬರು ಭಾವ. ಆರಾದ್ಮೇಲೆ ಬರೋ ಏಳು."

"ಕೂತಿರೋರಿಗೆ ಏಳು ಅನ್ನೋಕೆ ಒಂದು ಅಧಿಕಾರ ಬೇಕು. ಬೇರೆ ನಂಬರ್ ಹಾಕ್ಸು."

"ಬೇರೆ ಯಾವುದೂ ಖಾಲಿ ಇಲ್ಲವಂತೆ."

"ಹಾಗಾದ್ರೆ ಹಕ್ಕಿನಾದ್ರೂ ಬದಲಾಯಿಸ್ಲಿ. ಹದ್ದು ಇಲ್ವಾ ಅವರ ಹತ್ರ?"

ಹದ್ದು ಎರಡು ಎಂಬಾತ ಆಗಲೇ ಸ್ಪರ್ಧೆಯ ಸಾಲಿನಲ್ಲಿ ಮೊದಲನೆಯ ಸ್ಥಾನದಲ್ಲಿದ್ದ. ಹೌದು, ಅದೂ ಇತ್ತು. ಯಾರ ಕೈ ಎಷ್ಟು ಆಡಿತು ಎಂದು ಹನ್ನೆರಡು ಜನರ ಸಾಲು, ಮೇಲಿನಿಂದ ಕೆಳಗೆ. ಕೋಗಿಲೆ ಹನ್ನೊಂದು, ಗಿಳಿ ಮೂರು, ಹೀಗೆ ಇಳಿಯುತ್ತಾ ಇಳಿಯುತ್ತಾ ತಳದಲ್ಲಿ ಗುಬ್ಬಚ್ಚಿ ಏಳು.

ಒಂದು ವಾರ ಕಳೆಯುವಷ್ಟರಲ್ಲಿ ಶಾಲೆಯ ಹೊಸ ಡ್ರಿಲ್ ಮಾಸ್ತರು ನೋಡಲು ಬಂದರು. ಭಾವನ ಜಾಗಕ್ಕೆ ಬಂದವರು. ಬಿಗಿಯಾದ ಟೀ ಶರ್ಟು, ಕೊರಳಲ್ಲಿ ಸೀಟಿಯ ಬದಲು ಸ್ಟಾಪ್‌ವಾಚು.

"ಸರ್, ಇನ್ನು ಹನ್ನೊಂದು ವಾರಕ್ಕೆ ಸ್ಪೋರ್ಟ್ಸ್ ಡೇ. ಪ್ರತಿ ವರ್ಷದ ಹಾಗೆ ಮೊದಲನೇ ಓಟಕ್ಕೆ ಬಾವುಟ ನೀವೇ ಎತ್ತಬೇಕು ಅಂತ ಹೆಡ್‌ಮಾಸ್ತರ ಆಸೆ. ಆದ್ರೆ..." ಎಂದು ಟವೆಲಿನಂಥ ಕೈಯನ್ನು ನೋಡಿದರು. "ಆಗದಿದ್ರೆ ಪರವಾಗಿಲ್ಲ ಸರ್. ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸ್ತೀನಿ, ಆರಾಮಾಗಿ ಕೂತು ನೋಡಿ. ಬಾವುಟ ನಾನೇ ಎತ್ತಿಬಿಡ್ತೀನಿ. ಇಲ್ಲಾ ಅಂದ್ರೆ ನೀವು ಎಡಗೈಯಲ್ಲಿ ಎತ್ತಿದ್ರೂ ನಡೆಯುತ್ತೆ."

ಒಳಗೆ ಅಕ್ಕ ತೊಳೆಯುತ್ತಿದ್ದ ತಟ್ಟೆಯ ಸದ್ದು ನಿಂತಿತು. ಭಾವನ ಮೈದಾನದಲ್ಲಿ ಒಂದೇ ಕಾನೂನು: ಬಾವುಟ ಬಲಗೈಯಲ್ಲಿ, ಎಡಗೈ ಬೆನ್ನ ಹಿಂದೆ. ಒಂದು ವರ್ಷ ಭಾವನಿಗೆ ಜ್ವರ ಬಂದು, ಲೆಕ್ಕದ ಮೇಷ್ಟ್ರು ಎಡಗೈಯಲ್ಲಿ ಬಾವುಟ ಎತ್ತಿ ಓಡಿಸಿಬಿಟ್ಟಿದ್ದರು. ಭಾವ ಜ್ವರದಲ್ಲೇ ಎದ್ದು ಬಂದು, ಮುಗಿದುಹೋದ ಓಟವನ್ನು ರದ್ದು ಮಾಡಿ, ಏದುಸಿರು ಬಿಡುತ್ತಿದ್ದ ಎಂಟು ಮಕ್ಕಳನ್ನು ಮತ್ತೆ ಓಡಿಸಿದ್ದರು. ಮೊದಲು ಗೆದ್ದಿದ್ದವನು ಎರಡನೇ ಸಲ ಐದನೆಯವನಾದ. ಅವನೀಗ ನಮ್ಮ ಬೀದಿಯಲ್ಲೇ ವಕೀಲ. ಇವತ್ತಿಗೂ ಭಾವ ಎದುರಾದರೆ ರಸ್ತೆ ದಾಟುತ್ತಾನೆ.

"ಕುರ್ಚಿ ನಿಮ್ಮ ಹೆಡ್‌ಮಾಸ್ತರಿಗೆ ಹಾಕಿ" ಎಂದರು ಭಾವ. "ಬಾವುಟ ಬಲಗೈಯಲ್ಲೇ ಎತ್ತುತೀನಿ. ಆಗಲಿಲ್ಲ ಅಂದ್ರೆ ಆ ಮೈದಾನಕ್ಕೆ ಕಾಲೇ ಇಡಲ್ಲ."

ಇಷ್ಟು ಹಟವಿದ್ದವರು ಹಗಲೆಲ್ಲ ಕೂತು ವ್ಯಾಯಾಮ ಮಾಡಿರಬೇಕು ಎಂದು ನೀವು ಅಂದುಕೊಂಡರೆ, ನಮ್ಮ ಭಾವ ನಿಮಗೆ ಗೊತ್ತಿಲ್ಲ ಎಂದಾಯಿತು. ಅವರು ವ್ಯಾಯಾಮ ಮಾಡಿಸಿದವರು, ಮಾಡಿದವರಲ್ಲ. ಬೆಳಿಗ್ಗೆ ಕಾಫಿ ಕುಡಿದು, ಕೈಯನ್ನು ಮೇಜಿನ ಮೇಲೆ ಇರಿಸಿಕೊಂಡು, ಅದಕ್ಕೆ "ಒಂದ್" ಎಂದು ಆಜ್ಞೆ ಮಾಡುತ್ತಿದ್ದರು. ಕೈ ಸುಮ್ಮನಿರುತ್ತಿತ್ತು. "ಎರಡ್." ಕೈ ಸುಮ್ಮನಿರುತ್ತಿತ್ತು. ಐದು ನಿಮಿಷಕ್ಕೆ ಭಾವನಿಗೆ ಸಾಕಾಗಿ, "ಶಿಸ್ತಿಲ್ಲದ ನನ್ಮಗಂದು" ಎಂದು ಪೇಪರ್ ಬಿಡಿಸಿಕೊಳ್ಳುತ್ತಿದ್ದರು. ಪುಟ ತಿರುವಲು ಅಕ್ಕನನ್ನು ಕರೆಯುತ್ತಿದ್ದರು.

ಅಪ್ಪಿತಪ್ಪಿ ಬೆರಳು ಅಲುಗಿದರೆ ಟ್ಯಾಬ್ಲೆಟ್ಟಿನ ಹೆಂಗಸು, "ತುಂಬ. ಒಳ್ಳೆಯ. ಪ್ರಯತ್ನ. ನಿಮ್ಮ ಕೈ. ಅರ್ಧ. ಸೆಂಟಿಮೀಟರ್. ಮೇಲೆದ್ದಿದೆ. ನಿಮಗೆ. ಒಂದು. ನಕ್ಷತ್ರ" ಎನ್ನುತ್ತಿದ್ದಳು. ನಾನು ಊಟಕ್ಕೆ ಬಂದಾಗಲೆಲ್ಲ ಅದೇ ದನಿ ತೆಗೆದು, "ಭಾವ. ತಟ್ಟೆ. ಖಾಲಿ. ಮಾಡಿದ್ದಾರೆ. ಒಂದು. ನಕ್ಷತ್ರ" ಎಂದರೆ ಅಕ್ಕ ನಗುತ್ತಿದ್ದಳು, ಭಾವ ಎಡಗೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಹೆಚ್ಚಾಗಿ ಸಿಗುತ್ತಿದ್ದುದು ಸ್ಪಂಜಿನ ಚೆಂಡು. ಅದಕ್ಕೆ ಆ ದಿನ ಬೇರೆ ಕೆಲಸವೂ ಇರುತ್ತಿರಲಿಲ್ಲ.

ಎರಡನೆಯ ವಾರದ ಕೊನೆಗೆ ಎಚ್ಚರಿಕೆ ಬಂತು. ದಿನಕ್ಕೆ ಕನಿಷ್ಠ ಮುನ್ನೂರು ಚಲನೆ ಬೇಕು. ಗುಬ್ಬಚ್ಚಿ ಏಳರದು ನಲವತ್ತೊಂದು. ಇನ್ನೊಂದು ವಾರ ಹೀಗೇ ಆದರೆ 'ನಿಷ್ಕ್ರಿಯ' ಎಂದು ಬರೆದು, ಡಬ್ಬಿ ವಾಪಸು ತರಿಸಿಕೊಂಡು, ಕಾಯುತ್ತಿರುವ ಇನ್ನೊಬ್ಬರಿಗೆ ಕೊಡುತ್ತಾರೆ.

"ನಲವತ್ತೊಂದರಲ್ಲಿ ಮೂವತ್ತು ನಾನು ನಿಮಗೆ ಅಂಗಿ ತೊಡಿಸುವಾಗ ಅಲ್ಲಾಡಿದ್ದು" ಎಂದಳು ಅಕ್ಕ.

"ಡಬ್ಬಿ ಹೋದ್ರೆ ಕೈ ಹೋದ ಹಾಗೇ ಕಣಯ್ಯ" ಎಂದು ಭಾವ ನನ್ನ ಕಡೆ ತಿರುಗಿದರು. "ಆ ಸ್ಟಾಪ್‌ವಾಚ್ ಕುರ್ಚಿ ಒರೆಸಿಕೊಂಡು ಕೂತಿದಾನೆ. ಏನಾದ್ರೂ ಮಾಡು. ನೀನು ಮೆಕ್ಯಾನಿಕ್ಕು."

ನಾನು ಮಾಡಿದೆ. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಬೀದಿಯವರ ಪ್ಯಾಂಟು ಉದ್ದವಾಗುವುದೂ ಗಿಡ್ಡವಾಗುವುದೂ ಅವಳ ಕೈಯಲ್ಲಿದೆ. ಪಟ್ಟಿಯನ್ನು ಅವಳ ಹೊಲಿಗೆ ಮಿಷನ್ನಿನ ಚಕ್ರಕ್ಕೆ ಕಟ್ಟಿ ತುಳಿದೆ. ಎಣಿಕೆ ಓಡಿತು. ಇನ್ನೂರಾಯಿತು, ನಾನೂರಾಯಿತು. ಮೂರನೇ ನಿಮಿಷಕ್ಕೆ ಟ್ಯಾಬ್ಲೆಟ್ಟು ಕೆಂಪಾಗಿ, "ಗುಬ್ಬಚ್ಚಿ. ಏಳು. ನೀವು. ಉರುಳುತ್ತಿದ್ದೀರಾ" ಎಂದಿತು. ಅದರ ಬೆನ್ನಿಗೇ ಆಸ್ಪತ್ರೆಯಿಂದ ಫೋನು.

"ನಿಮ್ಮ ಪೇಷೆಂಟು ಮೆಟ್ಟಿಲಿಂದ ಉರುಳ್ತಾ ಇದಾರಂತೆ, ಆಂಬ್ಯುಲೆನ್ಸ್ ಕಳಿಸ್ಲಾ?"

"ಮೂರು ನಿಮಿಷದಿಂದಾನಾ ಮೇಡಂ? ನಮ್ಮ ಮನೇಲಿ ಇರೋದೇ ನಾಲ್ಕು ಮೆಟ್ಟಿಲು."

ಆಂಬ್ಯುಲೆನ್ಸ್ ತಪ್ಪಿತು. ಚಕ್ರದ ಉಪಾಯ ಚಕ್ರದಲ್ಲೇ ಮುಗಿಯಿತು. ಆಗ ಭಾವ ಮಿಷನ್ನಿನ ಪಕ್ಕ ಬಟ್ಟೆ ಕತ್ತರಿಸುತ್ತಾ ಕೂತಿದ್ದ ಅಕ್ಕನನ್ನು ನೋಡಿದರು. ಎಷ್ಟೋ ವರ್ಷಗಳ ನಂತರ ಅಷ್ಟು ಹೊತ್ತು ನೋಡಿದ್ದಿರಬೇಕು, ಅಕ್ಕ ಕೂದಲು ಸರಿಮಾಡಿಕೊಂಡಳು.

"ನಿನ್ನ ಕೈ ಹೇಗೂ ಸುಮ್ನಿರಲ್ಲ ಅಲ್ವೇನೇ" ಎಂದರು ಭಾವ. "ಒಂದು ಹತ್ತು ದಿನ ಇದನ್ನ ಕಟ್ಕೊಂಡಿರು."

"ಮೋಸ ಅಲ್ವೇನ್ರೀ?"

"ಗಂಡ ಹೆಂಡತಿ ಅಂದ್ರೆ ಒಂದೇ ದೇಹ. ಯಾರ ಕೈ ಆದ್ರೇನು?"

"ಹಂಗಾದ್ರೆ ಊಟ ನಾನೊಬ್ಬಳೇ ಮಾಡ್ತೀನಿ. ನಿಮಗೂ ಹೊಟ್ಟೆ ತುಂಬುತ್ತಾ ನೋಡೋಣ" ಎಂದಳು. ಆದರೂ ಕೈ ಚಾಚಿದಳು. ನಾನು ಪಟ್ಟಿ ಕಟ್ಟಿದೆ. ಕಟ್ಟುವಾಗ ಅವಳು ಮಣಿಕಟ್ಟನ್ನು ಹಿಂದಕ್ಕೆಳೆದುಕೊಂಡಂತಾಯಿತು. ಬಿಗಿಯಾಯಿತೇನೋ ಎಂದು ಒಂದು ತೂತು ಸಡಿಲಿಸಿದೆ.

ಮೊದಲ ದಿನವೇ ಎಣಿಕೆ ಎಂಟು ಸಾವಿರದ ಆರುನೂರು. ಮರುದಿನ ಒಂಬತ್ತು ಸಾವಿರ ಚಿಲ್ಲರೆ. ನಾನೂ ಭಾವನೂ ಟ್ಯಾಬ್ಲೆಟ್ಟು ಕೆಟ್ಟಿದೆಯೆಂದೇ ಅಂದುಕೊಂಡೆವು. ಕೆಟ್ಟಿರಲಿಲ್ಲ. ಕಸ ಗುಡಿಸುವುದು, ಒರೆಸುವುದು, ಹಿಟ್ಟು ನಾದುವುದು, ತರಕಾರಿ ಕೊಚ್ಚುವುದು, ಪಾತ್ರೆ ಉಜ್ಜುವುದು, ಬಟ್ಟೆ ಹಿಂಡುವುದು, ಕತ್ತರಿ, ಇಸ್ತ್ರಿ, ಭಾವನ ಬೆನ್ನು, ಭಾವನ ತಲೆ, ಭಾವನ ಪೇಪರು: ಅಷ್ಟನ್ನೂ ಆ ಪಟ್ಟಿ ಒಂದೂ ಬಿಡದೆ ಎಣಿಸುತ್ತಿತ್ತು. ಆ ಮನೆಯಲ್ಲಿ ಇದನ್ನು ಯಾರಾದರೂ ಎಣಿಸಿದ್ದು ಅದೇ ಮೊದಲು.

ಗುಬ್ಬಚ್ಚಿ ಏಳು ಐದೇ ದಿನದಲ್ಲಿ ಹದ್ದು ಎರಡನ್ನು ಹಿಂದೆ ಹಾಕಿತು. ಭಾವ ಎಡಗೈಯಿಂದ ಮೀಸೆ ತೀಡಿಕೊಂಡು, "ಶಿಸ್ತು ಅಂದ್ರೆ ಇದು" ಎಂದರು. ಯಾರ ಶಿಸ್ತು ಎಂದು ನಾನು ಕೇಳಲಿಲ್ಲ. ಅವತ್ತು ಅಕ್ಕನ ಅಡುಗೆ ಚೆನ್ನಾಗಿತ್ತು.

ವಾರಕ್ಕೊಮ್ಮೆ ಬರುವ ಥೆರಪಿಸ್ಟ್ ಹುಡುಗಿಗೆ ನಾವು ಕೈ ಮೇಡಂ ಎಂದು ಹೆಸರಿಟ್ಟಿದ್ದೆವು. ಪರದೆಯ ಮೇಲೆ ಮುಖಕ್ಕಿಂತ ಮೊದಲು ಬೀಸುವ ಕೈ ಕಾಣುತ್ತಿತ್ತು. ಅವರಿಂದ ತಪ್ಪಿಸಿಕೊಳ್ಳುವ ದಾರಿಯನ್ನೂ ನಾನೇ ಹುಡುಕಿದೆ. ಕ್ಯಾಮೆರಾದ ಮೇಲೆ ಒಂದು ಹನಿ ತೆಂಗಿನೆಣ್ಣೆ ಸವರಿದೆ. ಭಾವ ಎಡಗೈಯಿಂದ ಬಲಗೈಯ ಮೊಣಕೈಯನ್ನು ಕೆಳಗಿನಿಂದ ನೂಕಿದರೆ, ಆ ಮಂಜಿನಲ್ಲಿ ಕೈ ತಾನೇ ಎದ್ದಂತೆ ಕಾಣುತ್ತಿತ್ತು.

"ಅಂಕಲ್, ನಿಮ್ಮ ನೆಟ್ ಯಾಕೋ ಮಬ್ಬು ಮಬ್ಬು" ಎನ್ನುತ್ತಿದ್ದರು ಕೈ ಮೇಡಂ.

"ನಮ್ಮ ಏರಿಯಾನೇ ಹಾಗೆ ಮೇಡಂ."

"ಚೆನ್ನಾಗಿ ಮಾಡ್ತಿದೀರ ಅಂಕಲ್. ಈ ಮೊದಲ ತಿಂಗಳುಗಳು ಬಹಳ ಮುಖ್ಯ, ಈಗ ಬಿಟ್ರೆ ಆಮೇಲೆ ತುಂಬ ಕಷ್ಟ. ನಿಮ್ಮನ್ನ ನೋಡಿ ಎಲ್ಲರೂ ಕಲೀಬೇಕು."

ಆ ಮಾತು ಭಾವನ ಒಂದು ಕಿವಿಗೆ ಮಾತ್ರ ಹೋಯಿತು, 'ಎಲ್ಲರೂ ಕಲೀಬೇಕು' ಎಂಬುದು ಬಿದ್ದ ಕಿವಿಗೆ. ಹತ್ತು ದಿನ ಎಂದದ್ದು ಮೂರು ವಾರವಾಯಿತು. ಕೈ ಟವೆಲಾಗಿಯೇ ಇತ್ತು. ಸ್ಪೋರ್ಟ್ಸ್ ಡೇಗೆ ಉಳಿದದ್ದು ಆರು ವಾರ. ಭಾವ ಅದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆದರೆ ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ, ಬೀರುವಿನಿಂದ ಹಳೆಯ ಕೆಂಪು ಬಾವುಟ ತೆಗೆದು, ಅದರ ಕೋಲನ್ನು ಬಲಗೈಯ ಬೆರಳುಗಳ ನಡುವೆ ಎಡಗೈಯಿಂದ ತುರುಕುತ್ತಿದ್ದರು. ಕೋಲು ಜಾರಿ ಬಿತ್ತು. ಮತ್ತೆ ತುರುಕಿದರು, ಮತ್ತೆ ಬಿತ್ತು. ನನ್ನನ್ನು ಕಂಡು, "ಧೂಳು ಒರೆಸ್ತಿದ್ದೆ" ಎಂದರು.

ಆರನೆಯ ವಾರದ ಕೊನೆಗೆ ಕೈ ಮೇಡಂ ಪರದೆಗೆ ಬಂದಾಗ ಕೈ ಬೀಸಲಿಲ್ಲ.

"ಅಂಕಲ್, ನಾನು ನಿಮ್ಮ ಲೆಕ್ಕ ಪೂರ್ತಿ ಕೂತು ನೋಡ್ದೆ. ಬೆಳಿಗ್ಗೆ ಐದಕ್ಕೆ ಶುರು ಮಾಡ್ತೀರ. ರಾತ್ರಿ ಹತ್ತಕ್ಕೆ ನಿಲ್ಲಿಸ್ತೀರ. ಭಾನುವಾರ ಇನ್ನೂ ಜಾಸ್ತಿ. ಮಧ್ಯೆ ಅರ್ಧ ಗಂಟೆನೂ ಕೈ ಸುಮ್ಮನಿಲ್ಲ. ಇದೇನು ವ್ಯಾಯಾಮಾನೋ, ಶಿಕ್ಷೆನೋ?"

"ಶಿಸ್ತು ಮೇಡಂ."

"ಚೆನ್ನಾಗಿರೋ ಕೈಗೂ ಇದು ಅತಿ. ಹೀಗೇ ಹೋದ್ರೆ ಮಣಿಕಟ್ಟಿನ ನರ ಹಾಳಾಗುತ್ತೆ. ನೋವಿಲ್ವಾ?"

"ನೋವಾ? ಏನೂ ಇಲ್ಲ" ಎಂದರು ಭಾವ, ಸತ್ಯವಾಗಿಯೇ.

"ಇಲ್ಲದೇ ಇರಲ್ಲ, ನೀವು ತಡ್ಕೊಂಡಿದೀರ. ಇವತ್ತಿಂದ ಹತ್ತು ದಿನ ಈ ಕೈಗೆ ಪೂರ್ತಿ ರೆಸ್ಟ್. ಹಿಂಡೋದು, ಉಜ್ಜೋದು, ಎತ್ತೋದು ಏನೂ ಬೇಡ. ಮನೆಯವರು ಯಾರಾದ್ರೂ ನೋಡ್ಕೊಳ್ಳಲಿ. ಹತ್ತು ದಿನ ಆದ್ಮೇಲೆ ಸಿಗೋಣ, ಆಗ ವ್ಯಾಯಾಮ ಮೊದಲಿಂದ ಶುರು ಮಾಡೋಣ."

ಪರದೆ ಆರಿತು. ಕೂಡಲೇ ಆ ಸೂಚನೆ ಬರಹದಲ್ಲೂ ಬಂತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈ ಒರೆಸಿಕೊಂಡು ಬಂದು ಟ್ಯಾಬ್ಲೆಟ್ಟು ತೆಗೆದುಕೊಂಡು, ಗಟ್ಟಿಯಾಗಿ, ಒಂದನೇ ಕ್ಲಾಸಿನ ಮಗುವಿನಂತೆ ಬೆರಳಿಟ್ಟು ಓದಿದಳು.

"'ಈ ಪಟ್ಟಿ ಧರಿಸಿರುವ ಕೈಗೆ ಹತ್ತು ದಿನ ಸಂಪೂರ್ಣ ವಿಶ್ರಾಂತಿ.' ಏನ್ರೀ, ಈ ಪಟ್ಟಿ ಧರಿಸಿರೋ ಕೈ ಯಾರದು?"

ಅಕ್ಕ ಒಲೆ ಆರಿಸಿ ಬಂದು, ಹಜಾರದಲ್ಲಿ ಭಾವನ ಕುರ್ಚಿಯಲ್ಲಿ ಕೂತಳು.

"ತಮಾಷೆ ಸಾಕು. ಹೊಟ್ಟೆ ಹಸಿದಿದೆ" ಎಂದರು ಭಾವ.

"ಡಾಕ್ಟರ ಮಾತು ಮೀರಕ್ಕಾಗುತ್ತಾ?"

"ಆ ಪಟ್ಟಿ ಬಿಚ್ಚಿ ಇಲ್ಲಿ ಕೊಡು. ರೆಸ್ಟ್ ತಾನೇ, ನನ್ನ ಕೈ ಹೇಗೂ ರೆಸ್ಟಲ್ಲೇ ಇದೆ."

"ದುಡಿಯುವಾಗ ನನ್ನ ಕೈ, ರೆಸ್ಟ್ ಅಂದಾಗ ನಿಮ್ಮ ಕೈಯಾ? ಬಿಚ್ಚಲ್ಲ. ಜಾಸ್ತಿ ಮಾತಾಡಿದ್ರೆ ಕೈ ಮೇಡಂಗೆ ನಾನೇ ಫೋನ್ ಮಾಡ್ತೀನಿ. ಡಬ್ಬಿ ಹೋಗುತ್ತೆ, ಆ ಟೀ ಶರ್ಟ್ ಮಾಸ್ತರು ಬಾವುಟ ಎತ್ತುತಾರೆ. ನೀವು ಕುರ್ಚೀಲಿ ಕೂತು ಚಪ್ಪಾಳೆ ಹೊಡೀರಿ. ಓ, ಚಪ್ಪಾಳೆಗೂ ಎರಡು ಕೈ ಬೇಕಲ್ವಾ?"

ನಾನು ಮೆಲ್ಲನೆ ಅಡುಗೆಮನೆ ಕಡೆ ಹೆಜ್ಜೆ ಹಾಕಿದೆ.

"ನೀನು ಒಂದು ಚಮಚ ಮುಟ್ಟಿದ್ರೆ ನೋಡು" ಎಂದಳು ಅಕ್ಕ. "ತೆಂಗಿನೆಣ್ಣೆ ಕಳ್ಳ."

ಎರಡು ದಿನ ಹೋಟೆಲಿನಿಂದ ತರಿಸಿದೆವು. ಮೂರನೇ ದಿನಕ್ಕೆ ಭಾವನ ಹೊಟ್ಟೆ ಕೈಗಿಂತ ಹೆಚ್ಚು ಮುಷ್ಕರ ಹೂಡಿತು. ಮಡಿಸದ ಬಟ್ಟೆ, ತೊಳೆಯದ ಪಾತ್ರೆ, ತೊಡಿಸದ ಅಂಗಿ. ಒಂದು ದಿನವಿಡೀ ಭಾವ ಒಂದೇ ತೋಳು ತೂರಿಸಿದ ಅಂಗಿಯಲ್ಲಿ ಓಡಾಡಿದರು. ಕೊನೆಗೆ ನಾಲ್ಕನೇ ದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಅಕ್ಕನ ಮನೆಯಿಂದ ಸೀಟಿ ಕೇಳಿಸಿತು. ಉದ್ದನೆಯ, ಮೈದಾನದ ಸೀಟಿ. ಓಡಿ ಹೋದೆ.

ಹಿತ್ತಲ ನಲ್ಲಿಯ ಹತ್ತಿರ ಅಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮೊಳೆಯಲ್ಲಿ ನೇತಾಡುತ್ತಿದ್ದ ಭಾವನ ಸೀಟಿ ಅವಳ ಕೊರಳಲ್ಲಿತ್ತು. ಪಟ್ಟಿ ಕಟ್ಟಿದ ಕೈ ದಿಂಬಿನ ಮೇಲೆ ವಿಶ್ರಾಂತಿಯಲ್ಲಿತ್ತು. ಎದುರಿಗೆ ಸ್ಟೂಲಿನ ಮೇಲೆ ಭಾವ, ಮುಂದೆ ಪಾತ್ರೆಗಳ ರಾಶಿ.

"ಅಟೆನ್ಷನ್" ಎಂದಳು ಅಕ್ಕ. ಭಾವನ ಗಂಟಲೇ ಅದು, ಗರಗಸದಂತೆ. ನಾನು ಇಷ್ಟು ವರ್ಷ ಅನುಕರಣೆ ಮಾಡಿಕೊಂಡು ಬಂದವನು, ಅವತ್ತು ಅಕ್ಕನಿಗೆ ಮನಸ್ಸಿನಲ್ಲೇ ಕೈ ಮುಗಿದೆ. "ಬಲಗೈ ಪಾತ್ರೆ ಮೇಲೆ. ಎಡಗೈಯಲ್ಲಿ ಉಜ್ಜು. ಒಂದ್. ಎರಡ್. ಹಿಂದಿನ ಸಾಲು, ಏನಲ್ಲಿ ಗುಸುಗುಸು?"

"ಬಲಗೈ ನಿಲ್ತಿಲ್ಲ ಕಣೇ."

"ನಿಲ್ಲಲ್ಲ ಅಂದವರನ್ನ ನೀವು ಏನು ಮಾಡ್ತಿದ್ರಿ? ಮೈದಾನ ಸುತ್ತಿಸ್ತಿದ್ರಿ. ನಾನು ಅಷ್ಟು ಕೆಟ್ಟವಳಲ್ಲ. ಮತ್ತೆ ಇಡಿ."

ಆ ದಿನ ಒಡೆದದ್ದು ನಾಲ್ಕು ತಟ್ಟೆ, ಮರುದಿನ ಎರಡು. ಹತ್ತು ದಿನಕ್ಕೆ ಆ ಮನೆಯಲ್ಲಿ ಗಾಜಿನದೆಂಬುದು ಭಾವನ ಕನ್ನಡಕ ಮಾತ್ರ ಉಳಿಯಿತು. ಉಜ್ಜುವುದೆಲ್ಲ ಎಡಗೈ, ಆದರೆ ಪಾತ್ರೆ ಜಾರದಂತೆ ಒತ್ತಿ ಹಿಡಿಯಲು ಬಲಗೈ ಬೇಕೇ ಬೇಕು. ಬೇರೆ ದಾರಿಯೇ ಇರಲಿಲ್ಲ. ಬಟ್ಟೆಯದು ಇನ್ನೂ ಕಷ್ಟ. ಒದ್ದೆ ಹಾಸಿಗೆ ಹೊದಿಕೆಯನ್ನು ಒಂದೇ ಕೈಯಲ್ಲಿ ಹಿಂಡಿದವರನ್ನು ನೀವು ಕಂಡಿದ್ದರೆ ಹೇಳಿ. ಒಂದು ತುದಿಯನ್ನು ಬಲಗೈಗೆ ಸುತ್ತಿ, ಇನ್ನೊಂದನ್ನು ಎಡಗೈಯಿಂದ ತಿರುಚಬೇಕು. ಮೊದಲ ದಿನ ತಿರುಚಿದಾಗ ಹೊದಿಕೆಯ ಜೊತೆ ಬಲಗೈಯೂ ತಿರುಗಿ ಭಾವ ಕಿರುಚಿದರು.

"ನೋಯ್ತಾ?" ಎಂದಳು ಅಕ್ಕ, ಕುರ್ಚಿಯಿಂದ ಏಳುವವಳಂತೆ ಮುಂದೆ ಬಾಗಿ.

"ನೋಯ್ತು" ಎಂದ ಭಾವ, ತಮ್ಮ ಕೈಯನ್ನೇ ನೋಡುತ್ತಾ ಮತ್ತೊಮ್ಮೆ, "ಲೇ, ನೋಯ್ತು ಕಣೇ" ಎಂದರು. ಎರಡು ತಿಂಗಳಿನಿಂದ ಆ ಕೈಯಿಂದ ಯಾವ ಸುದ್ದಿಯೂ ಬಂದಿರಲಿಲ್ಲ.

ಏಳನೇ ದಿನ ಬೆರಳುಗಳು ತಾವಾಗಿ ಬಟ್ಟೆಯನ್ನು ಹಿಡಿದವು, ಗಟ್ಟಿಯಾಗೇನಲ್ಲ, ಮುನಿಸಿಕೊಂಡವರು ಕೈ ಕುಲುಕುವಂತೆ. ಒಣಗಿಸುವ ತಂತಿ ಭಾವನ ತಲೆಗಿಂತ ಸ್ವಲ್ಪ ಕೆಳಗಿತ್ತು. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಜಾಡಿಸಿ, ಅದೇ ಬೀಸಿನಲ್ಲಿ ಎತ್ತಿ ತಂತಿಗೆ ಹಾಕುವುದನ್ನು ಅಕ್ಕ ಕೂತಲ್ಲಿಂದಲೇ ಕಲಿಸಿದಳು. "ಜಾಡ್ಸಿ. ಎತ್ತಿ. ಹಾಕಿ." ಮೊದಲು ಕರವಸ್ತ್ರ, ಆಮೇಲೆ ಬನಿಯನ್ನು, ಆಮೇಲೆ ಟವೆಲು. ಟವೆಲು ಟವೆಲನ್ನು ಎತ್ತುವುದನ್ನು ನಾನು ಕಣ್ಣಾರೆ ಕಂಡೆ.

ಹತ್ತನೇ ದಿನ ಕೈ ಮೇಡಂ ಬರುವ ಮೊದಲು ಅಕ್ಕ ಬಟ್ಟೆಯ ತುದಿಯಿಂದ ಕ್ಯಾಮೆರಾದ ಎಣ್ಣೆಯನ್ನು ಒರೆಸಿದಳು. ಪಟ್ಟಿ ಬಿಚ್ಚಿ ಭಾವನ ಮುಂದಿಟ್ಟಳು. "ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು. ಬಿಚ್ಚಿದ ಮಣಿಕಟ್ಟನ್ನು ಎಡಗೈಯಿಂದ ಉಜ್ಜಿಕೊಳ್ಳುತ್ತಿದ್ದಳು.

"ಏನಾಯ್ತು ಕೈಗೆ?" ಎಂದರು ಭಾವ.

"ನೋವು. ರೆಸ್ಟಿಂದ ಈಗ ಪರವಾಗಿಲ್ಲ. ಆರು ವರ್ಷ ಆಯ್ತು."

"ಆರು ವರ್ಷದಿಂದ ಒಂದು ಮಾತು ಹೇಳಲಿಲ್ಲ?"

"ಹೇಳಿದ್ದೆ. ನೀವು ಸೀಟಿ ಊದ್ತಿದ್ರಿ."

ಪರದೆಯ ಮೇಲೆ ಕೈ ಮೇಡಂ ಬಂದರು. ಈ ಸಲ ಎಲ್ಲವೂ ಸ್ಪಷ್ಟವಾಗಿತ್ತು: ಹಜಾರ, ಕುರ್ಚಿ, ಭಾವನ ಮುಖದ ಬೆವರು. "ಅಂಕಲ್, ಕೈ ಎತ್ತಿ ನೋಡೋಣ" ಎಂದರು. ಭಾವನ ಎಡಗೈ ಅಭ್ಯಾಸಬಲದಿಂದ ಬಲ ಮೊಣಕೈಯ ಕೆಳಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಬೆನ್ನ ಹಿಂದಕ್ಕೆ ಹೋಯಿತು. ಬಲಗೈ ನಡುಗುತ್ತಾ ಎದೆಯವರೆಗೆ ಬಂದು ನಿಂತಿತು.

"ಇಷ್ಟೇ ಮೇಡಂ ನನ್ನದು" ಎಂದರು ಭಾವ. "ಆ ಒಂಬತ್ತು ಸಾವಿರ ನನ್ನ ಹೆಂಡತಿ ಕೈ. ಡಬ್ಬಿ ವಾಪಸ್ ತಗೊಳ್ಳಿ."

ಪರದೆಯಲ್ಲಿ ಕೈ ಮೇಡಂ ಚಿತ್ರದಂತೆ ನಿಂತುಬಿಟ್ಟರು. ನೆಟ್ ನಿಂತಿತೇನೋ ಎಂದು ನಾನು ತಟ್ಟಿ ನೋಡಲು ಹೋದೆ.

"ಆಂಟಿ" ಎಂದರು ಆಮೇಲೆ. "ನಿಮ್ಮ ಕೈ ತೋರಿಸಿ."

ಅರ್ಧ ಗಂಟೆ ಅಕ್ಕನ ಮಣಿಕಟ್ಟನ್ನೇ ಹಾಗೆ ತಿರುಗಿಸಿ, ಹೀಗೆ ಮಡಿಸಿ ಎಂದು ನೋಡಿದರು. ಅದಕ್ಕೊಂದು ಪಟ್ಟಿ ಹಾಕಬೇಕು, ಎಣಿಸುವ ಪಟ್ಟಿಯಲ್ಲ, ಆಧಾರದ ಪಟ್ಟಿ, ಮತ್ತು ಇನ್ನು ಹಿಂಡುವ ಕೆಲಸ ಪೂರ್ತಿ ಬಂದ್ ಎಂದರು. ಭಾವನ ವಿಷಯ ದೊಡ್ಡ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದು ಹೋದರು.

ಮರುದಿನ ಮತ್ತೆ ಬಂದರು. ಮುಖದಲ್ಲಿ ನಗು ತಡೆದುಕೊಂಡ ಕಷ್ಟ ಕಾಣುತ್ತಿತ್ತು.

"ಅಂಕಲ್, ನಿಮ್ಮನ್ನ ತೆಗೆಯೋ ಹಾಗಿಲ್ಲ. ಹೋದ ವಾರ ದೊಡ್ಡ ಡಾಕ್ಟರು ಒಂದು ಸಭೆಯಲ್ಲಿ ಆರುನೂರು ಜನ ಡಾಕ್ಟರ ಮುಂದೆ ನಿಮ್ಮ ಗ್ರಾಫ್ ತೋರಿಸಿಬಿಟ್ಟಿದಾರೆ. 'ಗುಬ್ಬಚ್ಚಿ ಏಳು: ಅಪೂರ್ವ ಚೇತರಿಕೆ' ಅಂತ. ಈಗ ನೀವು ನಿಷ್ಕ್ರಿಯ ಅಂದ್ರೆ ಅವರ ಮರ್ಯಾದೆ ಏನಾಗಬೇಕು?"

"ಮತ್ತೆ ಆ ಒಂಬತ್ತು ಸಾವಿರ?"

"ಯಂತ್ರದ ದೋಷ ಅಂತ ಬರೆಸಿದಾರೆ."

"ಯಂತ್ರ ಅಂದ್ರೆ ನಾನೇನಾ?" ಎಂದಳು ಅಕ್ಕ.

ಹೀಗೆ ನಮ್ಮ ಭಾವನ ಮೋಸಕ್ಕಿಂತ ದೊಡ್ಡ ಮೋಸವೊಂದು ಅವರ ಕೈ ಹಿಡಿದು ಕಾಪಾಡಿತು. ಎಣಿಸುವ ಪಟ್ಟಿ ಭಾವನ ಕೈಗೇ ಹೋಯಿತು. ಮೊದಲ ದಿನದ ಲೆಕ್ಕ ಮುನ್ನೂರ ಎಂಬತ್ತು, ಎಲ್ಲವೂ ಹಿತ್ತಲಿನಲ್ಲಿ ಸಂಪಾದಿಸಿದ್ದು. ಸಾಲಿನಲ್ಲಿ ಮತ್ತೆ ತಳಕ್ಕೆ ಬಂದರು. ಸಾಲನ್ನು ನೋಡುವುದಕ್ಕೂ ಅವರಿಗೆ ಪುರುಸೊತ್ತಿರಲಿಲ್ಲ, ಬಕೆಟ್ಟು ತುಂಬಿರುತ್ತಿತ್ತು.

ಸ್ಪೋರ್ಟ್ಸ್ ಡೇ ದಿನ ಮೈದಾನದಲ್ಲಿ ಮುಂದಿನ ಸಾಲಿಗೆ ಕುರ್ಚಿ ಹಾಕಿದ್ದರು. ಹೊಸ ಮಾಸ್ತರು ಭಾವನಿಗೆಂದು ತೋರಿಸಿದ ಕುರ್ಚಿಯಲ್ಲಿ ಅಕ್ಕ ಕೂತಳು. ಭಾವ ಕೆಂಪು ಬಾವುಟ ಬಲಗೈಯಲ್ಲಿ ಹಿಡಿದು ಗೆರೆಯ ಪಕ್ಕ ನಿಂತರು. ಎಡಗೈ ಬೆನ್ನ ಹಿಂದೆ. ಎಂಟು ಮಕ್ಕಳು ಬಗ್ಗಿದರು. ಹೊಸ ಮಾಸ್ತರು, ಬೇಕಾದರೆ ಹಿಡಿದುಕೊಳ್ಳೋಣ ಎಂಬಂತೆ, ಒಂದು ಹೆಜ್ಜೆ ಹತ್ತಿರ ನಿಂತಿದ್ದರು.

ಭಾವ ಉಸಿರೆಳೆದುಕೊಂಡರು. ಬಾವುಟವನ್ನು ಒಮ್ಮೆ ಪಟ್ಟೆಂದು ಜಾಡಿಸಿದರು.

ಎಂಟು ಮಕ್ಕಳೂ ಓಡಿಬಿಟ್ಟವು. ಭಾವ ಇನ್ನೂ ಎತ್ತಿರಲೇ ಇಲ್ಲ.

"ಸರ್, ಅದೇನು ಜಾಡಿಸಿದ್ದು?" ಎಂದರು ಹೊಸ ಮಾಸ್ತರು, ಮಕ್ಕಳನ್ನು ವಾಪಸು ಕರೆಸುತ್ತಾ. "ಪರವಾಗಿಲ್ಲ ಸರ್, ಓಟ ಓಟವೇ. ಇದನ್ನೇ ಲೆಕ್ಕಕ್ಕೆ ತಗೊಳ್ಳೋಣವಾ?"

"ರದ್ದು" ಎಂದರು ಭಾವ.

ಮಕ್ಕಳು ಏದುಸಿರು ಬಿಡುತ್ತಾ ಬಂದು ಮತ್ತೆ ಬಗ್ಗಿದವು. ಜನರ ನಡುವೆ ನಮ್ಮ ಬೀದಿಯ ವಕೀಲ ತಲೆ ಕೆಳಗೆ ಹಾಕಿದ್ದು ಕಂಡಿತು. ಭಾವ ಅಕ್ಕನ ಕಡೆ ನೋಡಿದರು. ಅಕ್ಕ ಆಧಾರದ ಪಟ್ಟಿ ಹಾಕಿದ ಕೈಯಲ್ಲಿ ಚೀಲದಿಂದ ಸೀಟಿ ತೆಗೆದು, ಸಣ್ಣದಾಗಿ ಒಂದು ಸಲ ಊದಿದಳು.

ಈ ಸಲ ಜಾಡಿಸಲಿಲ್ಲ. ಕೈ ಎದೆಗೆ ಬಂತು, ಭುಜಕ್ಕೆ ಬಂತು, ಅಲ್ಲಿ ಒಂದು ಕ್ಷಣ ಯೋಚನೆ ಮಾಡಿತು, ಆಮೇಲೆ ಕಿವಿಯವರೆಗೆ ಏರಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ತಂತಿ ಇದ್ದದ್ದು ಅಷ್ಟೇ ಎತ್ತರಕ್ಕೆ. ಮೊಣಕೈ ಸೊಟ್ಟಗೆ, ಬೆರಳು ನಡುಗುತ್ತಾ: ಯಾವುದಾದರೂ ಮಗು ಹೀಗೆ ಕೈ ಎತ್ತಿದ್ದರೆ ಭಾವ ಮೈದಾನ ಸುತ್ತಿಸುತ್ತಿದ್ದರು. ಮಕ್ಕಳಿಗೆ ಅಷ್ಟೆಲ್ಲ ಲೆಕ್ಕ ಎಲ್ಲಿ? ಕೆಂಪು ಕಂಡಿತು, ಓಡಿದವು.

ಸಂಜೆ ಮನೆಗೆ ಬಂದು ಭಾವ ಕುರ್ಚಿಯಲ್ಲಿ ಕೂತು, ಪಟ್ಟಿಯ ಕೈಯನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟರು. ಬಾವುಟ ಇನ್ನೂ ಕೈಯಲ್ಲೇ ಇತ್ತು. ಟ್ಯಾಬ್ಲೆಟ್ಟು ತಾನಾಗಿ ಬೆಳಗಿತು.

"ಗುಬ್ಬಚ್ಚಿ. ಏಳು. ಇಂದು. ನಿಮ್ಮ ಕೈ. ಒಂದೇ. ಸಲ. ಮೇಲೆದ್ದಿದೆ. ಗುರಿ. ತಲುಪಿಲ್ಲ."

ಭಾವ ಬೈಯಲಿಲ್ಲ. ಅಕ್ಕನ ಕಡೆ ನೋಡಿದರು, ಅವಳಾದರೂ ಏನಾದರೂ ಹೇಳಲಿ ಎಂಬಂತೆ.

"ನಿಜ ತಾನೇ" ಎಂದಳು ಅಕ್ಕ, ಕಾಲು ಚಾಚಿ ಪೇಪರ್ ಬಿಡಿಸಿಕೊಳ್ಳುತ್ತಾ. "ಬಕೆಟ್ ಹಿತ್ತಲಲ್ಲೇ ಇದೆ, ನೋಡಿ. ಆ ಬಾವುಟಾನೂ ಹಾಕಿ ಒಗೀರಿ, ಧೂಳಾಗಿದೆ."